ಕಾರ್ ಶೆಡ್ಡಿನ ಅಟ್ಟದಲ್ಲಿದ್ದ ಮಣೆ

ಕಡೂರಿನಲ್ಲಿ ತರೀಕೆರೆ ಬಸ್ಸು ಹತ್ತಿದ ಗಂಡ ಹೆಂಡತಿ ಸುಮನಾಳ ಮುಂದಿನ ಸೀಟಿನಲ್ಲೇ ಕೂತರು. ಸುಮನಾ ಕಿಟಕಿಯ ಕಡೆ ತಿರುಗಿದಳು, ಆದರೆ ಕಿವಿ ತಿರುಗಲಿಲ್ಲ.

“ಅತ್ತೆ ಕೂತಿದ್ದ ಹಸೆಮಣೆ, ನಾನು ಕೂತಿದ್ದು. ಅದು ಇದ್ದಿದ್ರೆ ಮಗಳ ಮದುವೆಗೆ ಹೊಸದು ತರೋಕೆ ಹೋಗ್ಬೇಕಿತ್ತೇನ್ರೀ?”

“ಹೊಸದೂ ಚೆನ್ನಾಗಿರುತ್ತೆ ಬಿಡೇ.”

“ನಿಮ್ಮ ಮರಗೆಲಸದ ಹುಚ್ಚಿಗೆ ಕಾರ್ ಶೆಡ್ ಕೆಡವಿ ಅಷ್ಟು ದೊಡ್ಡ ವರ್ಕ್‌ಶಾಪ್ ಕಟ್ಟಿಸಿದ್ರಿ. ಅಟ್ಟದಲ್ಲಿದ್ದ ಮಣೆನ ಆ ಗಾರೆ ತಿಪ್ಪೇಶಿನೇ ಹೊತ್ಕೊಂಡು ಹೋದ.”

“ಅವನಿಗ್ಯಾಕೆ ಹಸೆಮಣೆ?”

“ಸಾಗುವಾನಿ ಕಣ್ರೀ. ಮೊನ್ನೆ ಅವನ ಹೆಂಡ್ತಿ ಮುಂದೆನೇ ಕೇಳ್ಬಿಟ್ಟೆ. ತಲೆ ತಗ್ಗಿಸ್ಕೊಂಡು ನಿಂತಿದ್ದ.”

ಗಂಡನ ಕಿವಿ ಕೆಂಪಾಯಿತು.

“ಹೆಂಡ್ತಿ ಮುಂದೆ ಕೇಳಿದ್ಯಾ?”

“ಮತ್ತೆ?”

“ನಿಂಗೆ ಹೊಸ ಈಳಿಗೆಮಣೆ ಮಾಡ್ಕೊಟ್ನಲ್ಲ, ಮಲ್ಲಿಕಾ.”

“ಅದಕ್ಕೂ ಇದಕ್ಕೂ ಏನು?”

“ಆ ಮಣೆಗೆ ಧೂಳು ಮೆತ್ತಿತ್ತು. ಯಾವುದೋ ಹಲಗೆ ಅಂತ ಮಿಷನ್ನಿಗೆ ಕೊಟ್ಟೆ. ಬಣ್ಣದ ಹಸೆ ಕಾಣೋ ಹೊತ್ತಿಗೆ ಅರ್ಧ ಕೀಸಿಬಿಟ್ಟಿದ್ದೆ.”

“ಅಂದ್ರೆ ನಾನು ಹಸೆಮಣೆ ಮೇಲೆ ಕೂತ್ಕೊಂಡು ದಿನಾ ಬದನೆಕಾಯಿ ಹೆಚ್ತಿದ್ನಾ?”

“ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀನೇ ತಿಪ್ಪೇಶಿ ಹೆಸರು ತೆಗೆದೆ. ಸುಮ್ಮನಾಗ್ಬಿಟ್ಟೆ.”

ಬೀರೂರು ಬಂತು. ಬಸ್ಸು ನಿಂತ ಕೂಡಲೇ ಹೆಂಡತಿ ಎದ್ದರು.

“ತರೀಕೆರೆಗಲ್ವೇನೇ ಟಿಕೆಟ್ ತಗೊಂಡಿದ್ದು?”

“ತಿಪ್ಪೇಶಿ ಮನೆ ಇಲ್ಲೇ ತಾನೇ ಇರೋದು? ಇಳೀರಿ.”

“ಅವನು ಕೆಲಸಕ್ಕೆ ಹೋಗಿರ್ತಾನೆ ಕಣೇ.”

“ಹೆಂಡ್ತಿ ಇರ್ತಾಳಲ್ಲ. ಮೊದಲು ಅವಳಿಗೇ ಹೇಳ್ಬೇಕು. ನೀವು ಮಾಡಿದ್ದು ನೀವು ಹೇಳಿ, ನಾನು ಅಂದಿದ್ದು ನಾನು ಹೇಳ್ತೀನಿ.”

ಹೆಂಡತಿ ಇಳಿದರು. ಗಂಡ ಹಿಂದೆಯೇ ಇಳಿದು, ಅವರಿಗಿಂತ ಮುಂದೆ ನಡೆದರು.