ರಾಣಿಯ ಸೊಂಟದ ಅಳತೆ

ಮಾನ್ಯ ಅಧ್ಯಕ್ಷರಾದ ದೊನ್ ಎಲಿಸೆಯೊ ಅವರೇ, ಪೂಜ್ಯ ಪಾದ್ರಿಗಳೇ, ಹಿಂದಿನ ರಾಣಿಯರೇ, ಇಷ್ಟು ಚಳಿಯಲ್ಲೂ ಬಂದು ಕೂತಿರುವ ಸಭಿಕರೇ,

ಮೂವತ್ತನಾಲ್ಕು ವರ್ಷದಿಂದ ನಮ್ಮೂರ ಆಲೂಗಡ್ಡೆ ಹಬ್ಬದ ರಾಣಿಗೆ ಉಡುಪು ಹೊಲಿಯುತ್ತಿರುವ, ನೀವೆಲ್ಲ ಗೌರವದಿಂದ ದೊನ್ಯಾ ಎಂದು ಕರೆಯುವ ಎರ್ಸಿಲಿಯಾ ನಾನು. ಇವತ್ತು ನನಗೆ ಸನ್ಮಾನ ಮಾಡಿದ್ದೀರಿ. ಪದ್ಧತಿಯಂತೆ, ಕಿರೀಟ ಇಡುವ ಮೊದಲು ರಾಣಿ ತೆಳ್ಳಗಾದಂತೆ ಅವಳ ಉಡುಪನ್ನು ಸೊಂಟದಲ್ಲಿ ಎಷ್ಟು ಹಿಡಿದು ಹೊಲಿದೆ ಎಂದು ದರ್ಜಿ ಹೇಳಬೇಕು, ನೀವು ಚಪ್ಪಾಳೆ ತಟ್ಟಬೇಕು. ಆಲೂಗಡ್ಡೆಯ ರಾಣಿ ಆಲೂಗಡ್ಡೆ ಮುಟ್ಟಬಾರದು, ನೋಡಿ ನಮ್ಮೂರ ನ್ಯಾಯ! ಈ ವರ್ಷದ ರಾಣಿ ಅಧ್ಯಕ್ಷರ ಮಗಳು ಮಾರ್ಲೇನಿ. ಅವಳ ಅಳತೆ ನಾನು ಹೇಳುವುದಿಲ್ಲ. ಆ ಹುಡುಗಿ ಬದುಕಬೇಕು, ನನಗೆ ಅಷ್ಟೇ ಬೇಕಾಗಿರುವುದು.

ನೊಹೋರಾ ನಿಮಗೆ ನೆನಪಿದ್ದಾಳೆಯೇ? ಹನ್ನೆರಡು ವರ್ಷದ ಹಿಂದಿನ ರಾಣಿ. ವಾರ ವಾರ ಬರುತ್ತಿದ್ದಳು, ವಾರ ವಾರ ಹಿಡಿದು ಹೊಲಿಯುತ್ತಿದ್ದೆ. ಮಧ್ಯಾಹ್ನದ ಬಿಸಿಲಲ್ಲೂ ಅವಳ ಬೆರಳು ನೀಲಿ. ತಲೆಗೂದಲು ನನ್ನ ಕತ್ತರಿಯ ಮೇಲೆ ಉದುರುತ್ತಿತ್ತು, ತೋಳಿನ ಮೇಲೆ ಮಾತ್ರ ಹಸುಗೂಸಿನಂಥ ರೋಮ ಬೆಳೆದಿತ್ತು. ಮುಟ್ಟು ನಿಂತು ಆರು ತಿಂಗಳಾಯಿತೆಂದು ನಗುತ್ತಲೇ ಹೇಳಿದಳು. ಒಂದು ದಿನ ಕನ್ನಡಿ ನೋಡುತ್ತಾ ಕೇಳಿದಳು: "ದೊನ್ಯಾ, ನನ್ ಹಿಂದೆ ನಿಂತಿದಾಳಲ್ಲ, ಆ ದಪ್ಪ ಹುಡುಗಿ ಯಾರು?"

ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. "ಹೋಗೇ, ತಮಾಷೆ ಮಾಡ್ತೀಯಾ? ಕಡ್ಡಿ ಥರ ಎಷ್ಟು ಚಂದ ಆಗಿದೀಯ!" ಎಂದೆ. ಹೌದು, ಹಾಗೆ ಅಂದವಳು ನಾನೇ. ಇದೇ ವೇದಿಕೆಯಲ್ಲಿ ಹನ್ನೊಂದು ಸೆಂಟಿಮೀಟರ್ ಎಂದೆ. ನಿಮ್ಮ ಚಪ್ಪಾಳೆ ನಿಲ್ಲಲೇ ಇಲ್ಲ.

ಹಬ್ಬ ಮುಗಿದ ಮೂರನೆಯ ಭಾನುವಾರ ಅವಳ ಹೃದಯ ನಿಂತಿತು. ಅದೇ ಉಡುಪಿನಲ್ಲಿ ಮಣ್ಣು ಮಾಡಿದರು. ತಾಯಿ ಕೇಳಿಕೊಂಡಿದ್ದಕ್ಕೆ ಪೆಟ್ಟಿಗೆ ಮುಚ್ಚುವ ಮೊದಲು ಇನ್ನೊಮ್ಮೆ ಹಿಡಿದು ಹೊಲಿದೆ. ಆಗಲೂ ಸಡಿಲವಾಗಿತ್ತು, ಸಭಿಕರೇ! ಅನೊರೆಕ್ಸಿಯಾ ಎಂಬ ಹೆಸರನ್ನು ವೈದ್ಯರ ಬಾಯಲ್ಲಿ ಕೇಳಿದ್ದು ಆ ದಿನ. ಬಿನ್ನಾಣ ಎಂದುಕೊಂಡಿದ್ದೆ, ಅದು ಕಾಯಿಲೆ. ಉಪವಾಸ ಬಿದ್ದ ಮೈ ಕೊನೆಗೆ ತನ್ನ ಹೃದಯವನ್ನೇ ತಿನ್ನುತ್ತದಂತೆ.

ನಿನ್ನೆ ಮಾರ್ಲೇನಿ ಅದೇ ಕನ್ನಡಿಯ ಮುಂದೆ ನಿಂತಿದ್ದಳು. ನಾನು ಮಂಡಿಯೂರಿ ಪಿನ್ನು ಚುಚ್ಚುತ್ತಿದ್ದೆ. ಮೆಲ್ಲಗೆ ಕೇಳಿದಳು: "ದೊನ್ಯಾ, ಆ ದಪ್ಪ ಹುಡುಗಿ ದಿನಾ ಇಲ್ಲೇ ಇರ್ತಾಳಾ?"

ಈ ಸಲ ನಾನು ನಗಲಿಲ್ಲ. ಪಿನ್ನುಗಳನ್ನೆಲ್ಲ ಕಿತ್ತೆ.

ದೊನ್ ಎಲಿಸೆಯೊ, ಪರದೆಯ ಕಡೆ ನೋಡಬೇಡಿ, ಅಲ್ಲಿ ಯಾರೂ ಇಲ್ಲ. ನಾನು ವೇದಿಕೆ ಹತ್ತುವ ಮೊದಲೇ ನಿಮ್ಮ ತಾಯಿ ಮೊಮ್ಮಗಳನ್ನು ಆಸ್ಪತ್ರೆಗೆ ಕರೆದೊಯ್ದರು. "ಅಪ್ಪಂಗೆ ಹೇಳಿದ್ರೆ, ಕಿರೀಟ ಇಟ್ಕೊಂಡ್ ಆಮೇಲೆ ಹೋಗು ಅಂತಾರೆ" ಎಂದು ಮಾರ್ಲೇನಿ ತಾನೇ ಕಾರು ಹತ್ತಿದಳು. ನೀವೂ ಹೊರಡಿ. ಎಷ್ಟು ಸಣ್ಣಗಾಗಿದ್ದೀಯ ಎಂದು ಮಾತ್ರ ಅಲ್ಲಿ ಹೇಳಬೇಡಿ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಧನ್ಯವಾದ. ಚಪ್ಪಾಳೆ ಬೇಡ. ನಮಸ್ಕಾರ.