ಹಳೆಯ ಟ್ರಿಗರನ್ನು ಮತ್ತೆ ಜೋಡಿಸಿದ ಬಗ್ಗೆ

“ಎರಡು ಸಲ ಟಿಕ್ ಅನ್ನಬೇಕಲ್ವಾ” ಎಂದರೋ, “ಇದು ಒಂದೇ ಸಲ ಅನ್ನತ್ತಲ್ಲ” ಎಂದರೋ, ಆ ದಿನ ನೋರೀನ್ ಕೇಳಿದ್ದು ಯಾವುದೆಂದು ಈಗ ಖಚಿತವಾಗಿ ಹೇಳಲಾರೆ. ಎರಡರಲ್ಲಿ ಯಾವುದನ್ನು ಬರೆದುಕೊಂಡರೂ ನನ್ನ ಅಭ್ಯಂತರವಿಲ್ಲ ಎಂದೆ. ಹೇಳಿಕೆ ಬರೆದುಕೊಳ್ಳುತ್ತಿದ್ದ ಡಿಟೆಕ್ಟಿವ್ ವಾಂಡಾ ಕ್ರೈಡರ್ ಅವರು ಪೆನ್ನು ಕೆಳಗಿಟ್ಟು, ಮೊದಲು ಹೆಸರು ಹೇಳಿ, ಆಮೇಲೆ ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿ, ಸಾಧ್ಯವಾದಷ್ಟು ಅವರವರ ಮಾತಿನಲ್ಲೇ ಹೇಳಿ ಎಂದರು.

ಹೆಸರು ಎಲ್ಡನ್ ಪ್ರೋಕೋಪ್, ವಯಸ್ಸು 57, ಉದ್ಯೋಗ ಬೀಗದ ಕೆಲಸ, ವಾಸ 214, ಮಿಲ್ ಸ್ಟ್ರೀಟ್, ಟ್ಯಾನರ್ಸ್ ಫೋರ್ಕ್, ಪೆನ್ಸಿಲ್ವೇನಿಯಾ. ಈ ಮೂಲಕ ತಿಳಿಸುವುದೇನೆಂದರೆ, ದಿನಾಂಕ 13-10-2022ರ ಗುರುವಾರ ಸಂಜೆ ಗ್ಲೆನ್ ಸೊಬೋಟಾ ಅವರ ಸೊಂಟಕ್ಕೆ ಗುಂಡು ತಗುಲಿದ ಪ್ರಕರಣದಲ್ಲಿ ಅವರ ಪತ್ನಿ ನೋರೀನ್ ಸೊಬೋಟಾ ಬಂಧನದಲ್ಲಿದ್ದಾರೆ. ಪಿಸ್ತೂಲು ಕೆಳಗೆ ಬಿದ್ದು ತಾನಾಗಿ ಗುಂಡು ಹಾರಿತು ಎಂದು ಅವರು ಹೇಳಿದ್ದಾರೆ. ಅದನ್ನು ಯಾರೂ ನಂಬಿಲ್ಲ. ಆ ಪಿಸ್ತೂಲಿನ ಒಳಗೆ ಏನಿದೆ ಎಂಬುದು ನನಗೆ ಗೊತ್ತು. ನನ್ನನ್ನು ಯಾರೂ ಕರೆಸಿಲ್ಲ, ನಾನಾಗಿಯೇ ಬಂದಿದ್ದೇನೆ. ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ ಎಂದು ಎರಡು ಸಲ ತಿಳಿಸಲಾಯಿತು. ಬೇಡ ಎಂದಿದ್ದೇನೆ.

ನಾನು, ರಸ್ ಹಾಲಿಕ್ ಮತ್ತು ಸೊಬೋಟಾ ದಂಪತಿ ಊರಿನಿಂದ ನಾಲ್ಕು ಮೈಲಿ ದೂರದಲ್ಲಿರುವ ಗನ್ ಕ್ಲಬ್ಬಿನ ಸದಸ್ಯರು. ರಸ್ ಶಾಲಾ ಬಸ್ ಓಡಿಸುತ್ತಿದ್ದವನು, ವಯಸ್ಸು 61. ಶನಿವಾರದ ಸ್ಪರ್ಧೆಗಳಲ್ಲಿ ಹನ್ನೊಂದು ವರ್ಷ ಮೂರನೇ ಸ್ಥಾನದಿಂದ ಕೆಳಗಿಳಿದವನಲ್ಲ. ಅವನೂ ನಾನೂ ಮೂವತ್ತು ವರ್ಷದ ಸ್ನೇಹಿತರು. ಗ್ಲೆನ್ ಕೌಂಟಿ ಕಚೇರಿಯಲ್ಲಿ ಜಮೀನಿನ ದಾಖಲೆಗಳನ್ನು ನೋಡಿಕೊಳ್ಳುತ್ತಾನೆ. ನೋರೀನ್ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್.

2021ರ ಜೂನ್ ಮೊದಲ ವಾರದಲ್ಲಿ ಲೂಮಿಸ್-ವೇಲ್ ಕಂಪನಿಯ ಪಿಸ್ತೂಲಿನ ಬಗ್ಗೆ ಸುದ್ದಿ ಬಂತು. ಅದು ಕೈಜಾರಿ, ಹಿಂಭಾಗ ನೆಲಕ್ಕೆ ಬಡಿಯುವಂತೆ ಬಿದ್ದರೆ ಯಾರೂ ಮುಟ್ಟದೆಯೇ ಗುಂಡು ಹಾರಬಹುದು ಎಂದು. ಪಿಸ್ತೂಲು ಸುರಕ್ಷಿತವಾಗಿಯೇ ಇದೆ, ಆದರೂ ಇಷ್ಟವಿದ್ದವರು ಕಳಿಸಿದರೆ ಟ್ರಿಗರ್ ಬದಲಿಸಿ ಅಪ್‌ಗ್ರೇಡ್ ಮಾಡಿ ಕಳಿಸುತ್ತೇವೆ ಎಂದು ಕಂಪನಿ ತಿಳಿಸಿತು. ಕ್ಲಬ್ಬಿನಲ್ಲಿ ಐದು ಜನರ ಬಳಿ ಆ ಪಿಸ್ತೂಲಿತ್ತು.

ಜೂನ್ 12, ಶನಿವಾರ, ಬೆಳಗ್ಗೆ 8.30. ಕ್ಲಬ್ಬಿನ ತಿಂಡಿ. ರಸ್ ಜಿಂಕೆ ಮಾಂಸದ ಸಾಸೇಜನ್ನು ಮುಳ್ಳುಚಮಚಕ್ಕೆ ಚುಚ್ಚಿ ಎಲ್ಲರಿಗೂ ತೋರಿಸಿದ. “ಸುರಕ್ಷಿತ ಅಂತಾರೆ. ಆಮೇಲೆ ಇನ್ನೂ ಸುರಕ್ಷಿತ ಮಾಡ್ತೀವಿ ಕಳ್ಸಿ ಅಂತಾರೆ. ಸಾಸೇಜು ಚೆನ್ನಾಗೇ ಇದೆ, ಆದ್ರೂ ಒಂಚೂರು ಮೂಸಿ ತಿನ್ನಿ ಅಂದಂಗಾಯ್ತು.”

ಗ್ಲೆನ್, ಯೋಚನೆ ಮಾಡುವಂಥದ್ದು ಏನೂ ಇಲ್ಲ, ಕಳಿಸಿದರೆ ಕಂಪನಿಯ ದಾಖಲೆಯಲ್ಲಿ ಪಿಸ್ತೂಲಿನ ನಂಬರಿನ ಎದುರು ಅಪ್‌ಗ್ರೇಡ್ ಆಗಿದೆ ಎಂದು ಬರುತ್ತದೆ, ಅಲ್ಲಿಗೆ ಮುಗಿಯಿತು ಎಂದ.

“ನಿಂಗೆ ಕಾಗದ ಒಂದಿದ್ರೆ ಸಾಕು ಕಣೋ” ಎಂದ ರಸ್. “ಸತ್ತೋನು ಎದ್ದು ಬಂದ್ರೂ ಡೆತ್ ಸರ್ಟಿಫಿಕೇಟ್ ತೋರ್ಸಿ ವಾಪಸ್ ಕಳ್ಸ್ತೀಯ.”

ಗ್ಲೆನ್ ನಕ್ಕ. ಲೀಗ್ ಸ್ಪರ್ಧೆ ನಡೆಯುತ್ತಿರುವಾಗ, ಕಳಿಸಿದ್ದು ವಾಪಸು ಬರುವವರೆಗೆ ಆರು ವಾರ ಬರಿಗೈಯಲ್ಲಿ ಇರಬೇಕೇ ಎಂಬುದು ಉಳಿದವರ ಚಿಂತೆಯಾಗಿತ್ತು. ಕಳಿಸುವ ಮೊದಲು ನಾವೇ ನೋಡೋಣ ಎಂದು ತೀರ್ಮಾನವಾಯಿತು.

9.40ಕ್ಕೆ ಕ್ಲಬ್ಬಿನ ಹಿಂಭಾಗದಲ್ಲಿ ಸೇರಿದೆವು. ತೋಟೆಯಿಂದ ಗುಂಡನ್ನೂ ಮದ್ದನ್ನೂ ತೆಗೆದು, ತಳದಲ್ಲಿ ಕಿಡಿ ಹೊತ್ತಿಸುವ ಕೇಪನ್ನು ಮಾತ್ರ ಉಳಿಸಿ ಪಿಸ್ತೂಲಿಗೆ ತುಂಬುವುದು, ಟ್ರಿಗರಿನಿಂದ ಬೆರಳು ಹೊರಗಿಟ್ಟು ಹಿಡಿದುಕೊಳ್ಳುವುದು, ಹಿಂದಿನಿಂದ ರಬ್ಬರ್ ಸುತ್ತಿಗೆಯಲ್ಲಿ ಹೊಡೆಯುವುದು. ಹಿಡಿದಿದ್ದವನು ನಾನು, ಹೊಡೆದವನು ರಸ್. ಒಂದೊಂದಕ್ಕೆ ಐದು ಪೆಟ್ಟು. ನಾಲ್ಕು ಪಿಸ್ತೂಲು ಸುಮ್ಮನಿದ್ದವು. ಕೊನೆಯದು ರಸ್‌ನದು. ಮೂರನೆಯ ಪೆಟ್ಟಿಗೆ ಕೇಪು ಸಿಡಿಯಿತು. ಪಟಾಕಿಯಷ್ಟೇ ಶಬ್ದ. ನನ್ನ ಅಂಗೈ ಸ್ವಲ್ಪ ಹೊತ್ತು ಬಿಸಿಯಾಗಿತ್ತು. ಅದು ಪಿಸ್ತೂಲಿನ ಬಿಸಿಯಾಗಿರಲಾರದು.

ರಸ್ ಸೋಮವಾರವೇ ಅದನ್ನು ಕಂಪನಿಗೆ ಕಳಿಸಿದ. ಜುಲೈ 27ರಂದು ವಾಪಸು ಬಂತು, ಜೊತೆಗೆ ಅಪ್‌ಗ್ರೇಡ್ ಆಗಿದೆ ಎಂಬ ಪತ್ರ. ಹೊಸ ಟ್ರಿಗರ್ ತೆಳುವಾಗಿತ್ತು. ಅದರ ಹಿಂದೆ ಒಂದು ಸಣ್ಣ ಕೊಂಡಿ ಸೇರಿಸಿದ್ದರು. ಅದರಿಂದಾಗಿ ಬೆರಳನ್ನು ಸಡಿಲಿಸಿದಾಗ ಮೊದಲಿನಂತೆ ಒಂದಲ್ಲ, ಎರಡು ಸಲ ಟಿಕ್ ಎನ್ನುತ್ತಿತ್ತು. ಆ ಎರಡನೆಯದು ರಸ್‌ಗೆ ಆಗಿಬರಲಿಲ್ಲ. ಆಗಸ್ಟಿನಲ್ಲಿ ಏಳನೆಯ ಸ್ಥಾನಕ್ಕೆ ಇಳಿದ. ಆ ಎರಡನೆಯ ಟಿಕ್ ಬೂಟಿನೊಳಗೆ ಕಲ್ಲು ಸಿಕ್ಕ ಹಾಗೆ ಎಂದು ಕ್ಲಬ್ಬಿನಲ್ಲೆಲ್ಲ ಹೇಳಿಕೊಂಡು ತಿರುಗಿದ.

ಸೆಪ್ಟೆಂಬರ್ 12, ಭಾನುವಾರ, ಮಧ್ಯಾಹ್ನ 3 ಗಂಟೆಗೆ ನನ್ನ ಅಂಗಡಿಗೆ ಬಂದ. ಅವನ ಕೈಯಲ್ಲಿ ಹಳೆಯ ಮಾದರಿಯ ಟ್ರಿಗರ್ ಇತ್ತು. ಇಂಟರ್ನೆಟ್ಟಿನಲ್ಲಿ ಯಾರಿಂದಲೋ ತರಿಸಿದ್ದ. ಕಂಪನಿ ಹಾಕಿದ್ದನ್ನು ಕಿತ್ತು ಇದನ್ನು ಹಾಕಿಕೊಡಬೇಕೆಂದು ಕೇಳಿದ. ನಾನು ಮೂರನೆಯ ಪೆಟ್ಟಿನ ವಿಷಯ ಎತ್ತಿದೆ.

“ಬಿದ್ರೆ ತಾನೆ? ನಲವತ್ತು ವರ್ಷದಲ್ಲಿ ಒಂದ್ಸಲ ಕೈ ಜಾರಿದೆಯಾ ನಂಗೆ? ಐವತ್ತು ಮಕ್ಕಳನ್ನ ಹಿಮದಲ್ಲಿ ಕೂರ್ಸ್ಕೊಂಡು ಹೋಗಿದೀನಿ, ಒಂದು ಕನ್ನಡಿ ಒಡ್ದಿಲ್ಲ. ನಿನ್ ಕೈಲಾಗಲ್ಲ ಅಂದ್ರೆ ಹೇಳಪ್ಪ, ಬೇರೆಯವ್ರನ್ನ ನೋಡ್ಕೋತೀನಿ.”

ನನ್ನ ಕೈಲಾಗುತ್ತಿತ್ತು. ಮೂವತ್ತೈದು ನಿಮಿಷ ಹಿಡಿಯಿತು. ಕೊಂಡಿ ಕೂರುತ್ತಿದ್ದ ಜಾಗದಲ್ಲಿ ಹಳೆಯ ಟ್ರಿಗರ್ ಉಜ್ಜುತ್ತಿತ್ತು, ಅಲ್ಲಿ ಅರದಿಂದ ತೀಡಿದೆ. ಕೆಲಸ ಚೆನ್ನಾಗಿ ಆಗಿತ್ತು. ತೆಗೆದ ಭಾಗಗಳನ್ನು ಎಸೆಯುವುದು ನನ್ನ ಅಭ್ಯಾಸವಲ್ಲ. ಹೆಸರು, ದಿನಾಂಕ ಬರೆದ ಚೀಟಿ ಕಟ್ಟಿ ಡಬ್ಬಿಯಲ್ಲಿಟ್ಟೆ. ಕಂಪನಿಯ ಆ ಟ್ರಿಗರನ್ನೂ ಕೊಂಡಿಯನ್ನೂ ಚೀಟಿಯ ಸಮೇತ ಈ ದಿನ ಹಾಜರುಪಡಿಸಿದ್ದೇನೆ.

ಕಂಪನಿಯ ದಾಖಲೆಯಲ್ಲಿ ಆ ನಂಬರಿನ ಎದುರು ಅಪ್‌ಗ್ರೇಡ್ ಆಗಿದೆ ಎಂದೇ ಉಳಿಯಿತು. ಅದನ್ನು ತಿದ್ದುವ ದಾರಿ ಇರಲಿಲ್ಲ. ಹುಡುಕಲೂ ಇಲ್ಲ.

2022ರ ಏಪ್ರಿಲ್‌ನಲ್ಲಿ ರಸ್ ಫ್ಲಾರಿಡಾದಲ್ಲಿರುವ ಮಗಳ ಮನೆಗೆ ಹೊರಟು ನಿಂತ. ಏಪ್ರಿಲ್ 23ರ ಶನಿವಾರ ಕ್ಲಬ್ಬಿನಲ್ಲಿ ಆ ಪಿಸ್ತೂಲನ್ನು ನೋರೀನ್ ಕೊಂಡರು. ಬೆಟ್ಟದ ರಸ್ತೆಗಳಲ್ಲಿ ಒಬ್ಬರೇ ಓಡಾಡುವುದರಿಂದ ಚೀಲದಲ್ಲಿ ಒಂದಿರಲಿ ಎಂದು. ಗ್ಲೆನ್ ಫೋನಿನಲ್ಲಿ ಕಂಪನಿಯ ದಾಖಲೆ ತೆರೆದು ಪಿಸ್ತೂಲಿನ ನಂಬರ್ ಒತ್ತಿ ನೋಡಿ, ಅಪ್‌ಗ್ರೇಡ್ ಆಗಿದೆ, ಸರಿಯಾಗಿದೆ ಎಂದು ಎಲ್ಲರಿಗೂ ತೋರಿಸಿದ. ಬೆಳಗ್ಗೆ 10.40ಕ್ಕೆ ನೋರೀನ್ ಖಾಲಿ ಪಿಸ್ತೂಲನ್ನು ಗುರಿಯ ಕಡೆ ಹಿಡಿದು ಟ್ರಿಗರ್ ಎಳೆದು ಬಿಟ್ಟು, ಆರಂಭದಲ್ಲಿ ಹೇಳಿದ, ಟಿಕ್ ಸದ್ದಿನ ಆ ಪ್ರಶ್ನೆ ಕೇಳಿದರು. ಕೇಳಿದ್ದು ನನ್ನನ್ನು. ರಸ್ ನನ್ನ ಎಡಕ್ಕೆ ನಾಲ್ಕು ಅಡಿ ದೂರದಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ. ಅವನು ಹೇಳಲಿ ಎಂದು ನಾನು ಕಾದೆ, ನಾನು ಹೇಳಲಿ ಎಂದು ಅವನು ಕಾದ ಎಂದು ಈಗ ಅನ್ನಿಸುತ್ತದೆ. ಎರಡೋ ಮೂರೋ ಸೆಕೆಂಡು.

“ಬಸ್ ಡ್ರೈವರ್ ಜೊತೆ ಇದ್ದದ್ದು ಅಲ್ವಾ” ಎಂದೆ. “ಒಂದೇ ಸಲ ಹಾರ್ನ್ ಹೊಡೆಯೋ ಅಭ್ಯಾಸ.”

ಎಲ್ಲರೂ ನಕ್ಕರು. ನೋರೀನ್ ಎಲ್ಲರಿಗಿಂತ ಜೋರಾಗಿ ನಕ್ಕರು. ಆಮೇಲೆ ಕೇಳಲಿಲ್ಲ.

ಅಕ್ಟೋಬರ್ 13ರ ಸಂಜೆ ನಾನು ಅವರ ಮನೆಯಲ್ಲಿರಲಿಲ್ಲ. ಪತ್ರಿಕೆಯಲ್ಲಿ ಓದಿದ್ದು ಇಷ್ಟು: 6.10ರ ಹೊತ್ತಿಗೆ ಅಡುಗೆಮನೆಯಲ್ಲಿ ಗಂಡಹೆಂಡತಿಯ ದನಿ ಏರಿತ್ತು, ಪಕ್ಕದ ಮನೆಯವರು ಕೇಳಿಸಿಕೊಂಡಿದ್ದಾರೆ. ಗ್ಲೆನ್‌ನ ತಾಯಿಯನ್ನು ಮನೆಗೆ ಕರೆತರುವ ವಿಷಯ. 6.20ಕ್ಕೆ ಗುಂಡಿನ ಶಬ್ದ. ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಚೀಲ ಜಾರಿ, ಪಿಸ್ತೂಲು ಹೊರಬಂದು ಕಲ್ಲಿನ ನೆಲಕ್ಕೆ ಬಿತ್ತು ಎಂಬುದು ನೋರೀನ್ ಅವರ ಹೇಳಿಕೆ. ಅಪ್‌ಗ್ರೇಡ್ ಆದ ಪಿಸ್ತೂಲು ಹಾಗೆ ಹಾರುವುದಿಲ್ಲ ಎಂಬುದು ಪೊಲೀಸರ ಉತ್ತರ. ಬರುವ ಶುಕ್ರವಾರ ನ್ಯಾಯಾಧೀಶರ ಮುಂದೆ ವಿಚಾರಣೆ ಇದೆ.

ಅಕ್ಟೋಬರ್ 14ರ ಸಂಜೆ 7.05ಕ್ಕೆ ರಸ್‌ಗೆ ಫೋನ್ ಮಾಡಿದೆ. ಇಬ್ಬರೂ ಸೇರಿ ಪೊಲೀಸರಿಗೆ ಹೇಳೋಣ ಎಂದೆ. ಅವನ ಹಿಂದೆ ಟೀವಿಯ ಸದ್ದಿತ್ತು, ಅದನ್ನು ನಿಲ್ಲಿಸಿದ.

“ಕಾಗದ ಕಂಪನೀದು. ಸಹಿ ಕಂಪನೀದು. ಒಳಗಾಡ್ಸಿದ ಕೈ ನಿಂದು. ನಾನು ಬಸ್ ಓಡ್ಸೋನು ಕಣಯ್ಯ, ನಂಗೇನ್ ಗೊತ್ತು ಸ್ಪ್ರಿಂಗು ಕೊಂಡಿ?”

ನೋರೀನ್ ಜೈಲಿನಲ್ಲಿದ್ದಾರೆ ಎಂದೆ. ಅವಳು ಬೀಳಿಸಬಾರದಿತ್ತು ಎಂದ. ಅದರ ಬೆನ್ನಿಗೇ ಊರಲ್ಲಿ ಮಳೆಯೇ ಎಂದು ಕೇಳಿದ. ಕರೆ ಮೂರು ನಿಮಿಷಕ್ಕೆ ಮುಗಿಯಿತು. ಆಮೇಲೆ ನಾಲ್ಕು ಸಲ ಮಾಡಿದೆ, ಎತ್ತಲಿಲ್ಲ.

ಅಕ್ಟೋಬರ್ 16, ಭಾನುವಾರ, ಮಧ್ಯಾಹ್ನ 2.15ಕ್ಕೆ ಕೌಂಟಿ ಆಸ್ಪತ್ರೆಗೆ ಹೋದೆ. ಮೊದಲು ಗ್ಲೆನ್‌ಗೆ ಹೇಳಬೇಕು, ಆಮೇಲೆ ಪೊಲೀಸರಿಗೆ ಎಂದುಕೊಂಡಿದ್ದೆ. ಗಾಯ ಬಲ ಸೊಂಟದಲ್ಲಿದ್ದುದರಿಂದ ಅವನು ಎಡಮಗ್ಗುಲಾಗಿ, ಗೋಡೆಗೆ ಮುಖ ಮಾಡಿ ಮಲಗಿದ್ದ. ನಾನು ಬಂದಿದ್ದೇನೆ ಎಂದಾಗಲೂ ತಿರುಗಲಿಲ್ಲ. ಮಾತಾಡಿದ್ದೆಲ್ಲ ಗೋಡೆಯ ಕಡೆಗೇ.

“ನಲ್ಲಿ ಬಿಟ್ಟಿದ್ದೆ, ಎಲ್ಡನ್. ಆಲೂಗಡ್ಡೆ ತೊಳೀತಿದ್ದೆ. ಏನೂ ಬಿದ್ದ ಸದ್ದು ಕೇಳ್ಲಿಲ್ಲ ನಂಗೆ. ಬಿತ್ತು ಅಂತಾಳೆ. ಹತ್ತೊಂಬತ್ತು ವರ್ಷದಲ್ಲಿ ಅವ್ಳು ಒಂದು ಸುಳ್ಳು ಹೇಳಿದ್ದು ನಂಗೆ ನೆನಪಿಲ್ಲ. ಆದ್ರೆ ನಂಬರ್ ನಾನೇ ನೋಡಿದ್ನಲ್ಲ?”

ನೋಡಿದ್ದು ನಿಜ ಎಂದೆ.

“ಈ ವಿಷಯ ಬಲ್ಲೋನು ನೀನು. ಒಂದು ಮಾತು ಹೇಳ್ಬಿಡು. ಅಪ್‌ಗ್ರೇಡ್ ಆಗಿರೋದು ಬಿದ್ರೆ ಹಾರತ್ತಾ?”

ಹಾರಲ್ಲ ಎಂದೆ.

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಪ್‌ಗ್ರೇಡ್ ಆಗಿರುವುದು ಹಾರುವುದಿಲ್ಲ. ಮುಂದಿನ ವಾಕ್ಯ ನನ್ನ ಬಾಯಲ್ಲಿ ಸಿದ್ಧವಾಗಿತ್ತು, ಅದಕ್ಕಾಗಿಯೇ ಹನ್ನೆರಡು ಮೈಲಿ ಬಂದಿದ್ದೆ. ಆದರೆ ಗ್ಲೆನ್ ಮೊದಲು ಮಾತಾಡಿದ.

“ಹಾರತ್ತೆ ಅಂತೀಯೇನೋ ಅಂತ ಕಾಯ್ತಾ ಇದ್ದೆ” ಎಂದ.

ಆಮೇಲೆ ಅವನ ಬೆನ್ನು ಅಲುಗಾಡತೊಡಗಿತು. ನರ್ಸ್ ಬಂದು ನನ್ನನ್ನು ಹೊರಗೆ ಹೋಗಲು ಹೇಳಿದರು. ನಾನು ಹೋದೆ. ಕಾರಿನಲ್ಲಿ ಕುಳಿತಿದ್ದೆ. ಪಾರ್ಕಿಂಗ್ ಚೀಟಿಯಲ್ಲಿ ಹೊರಬಿದ್ದ ಸಮಯ 3.02 ಎಂದಿದೆ, ಅವನ ಕೋಣೆಯಲ್ಲಿ ನಾನಿದ್ದದ್ದು ಒಂಬತ್ತು ನಿಮಿಷ.

ಭಾನುವಾರವೇ ಏಕೆ ಠಾಣೆಗೆ ಬರಲಿಲ್ಲ ಎಂದು ಡಿಟೆಕ್ಟಿವ್ ಕ್ರೈಡರ್ ಕೇಳಿದರು. ಸೋಮವಾರ ಎರಡು ಬೀಗ ಕೂರಿಸುವ ಕೆಲಸವಿತ್ತು, ಕೂರಿಸಿದೆ. ಇದು ಉತ್ತರವಲ್ಲ ಎಂದು ಗೊತ್ತಿದೆ.

ಪಿಸ್ತೂಲನ್ನು ಬಿಚ್ಚಿ ನೋಡಲಾಗಿದೆಯೇ ಎಂದು ನಾನು ಕೇಳಿದೆ. ಇಲ್ಲ, ಪ್ರಯೋಗಾಲಯದಲ್ಲಿ ಸರದಿ ಆರು ವಾರ ಇದೆ, ಕಂಪನಿಯ ದಾಖಲೆಯಲ್ಲಿ ನಂಬರ್ ನೋಡಿದ್ದೇವೆ ಎಂದರು. ಬಿಚ್ಚಲು ಒಂದು ನಿಮಿಷ ಸಾಕು, ಟ್ರಿಗರ್ ದಪ್ಪವಿರುತ್ತದೆ, ಕೊಂಡಿ ಇರುವುದಿಲ್ಲ, ಅದರ ಜಾಗದಲ್ಲಿ ಅರದ ಗೀರು ಇರುತ್ತದೆ ಎಂದೆ. ಅವರು ಎದ್ದುಹೋದರು. ಗೋಡೆಯ ಗಡಿಯಾರದ ಪ್ರಕಾರ ಹನ್ನೊಂದು ನಿಮಿಷ. ಮರಳಿ ಬಂದು ಒಂದು ಫೋಟೋ ನನ್ನ ಮುಂದಿಟ್ಟು, ಇದು ಏನು ಎಂದು ಕೇಳಿದರು. ಸಮಾನಾಂತರವಾದ ಏಳು ಗೀರುಗಳು, ಎಡದಿಂದ ಬಲಕ್ಕೆ. ನಾನು ಎಡಗೈಯವನು. ನನ್ನವೇ ಎಂದೆ. ಅವರು ಹೊಸ ಹಾಳೆ ತೆಗೆದುಕೊಂಡರು.

ಮೇಲಿನದೆಲ್ಲ ನಾನು ಕಂಡು, ಮಾಡಿ, ಆಡಿದ್ದು. ನಾನಿಲ್ಲದ ಕಡೆಯದು ಪತ್ರಿಕೆಯದೆಂದು ಅಲ್ಲಲ್ಲೇ ಹೇಳಿದ್ದೇನೆ. ನನಗೆ ಓದಿ ಹೇಳಲಾಯಿತು, ಸರಿಯಾಗಿದೆ. ಯಾರ ಒತ್ತಾಯವೂ ಇಲ್ಲ.

ಸ್ಥಳ: ಟ್ಯಾನರ್ಸ್ ಫೋರ್ಕ್ ಪೊಲೀಸ್ ಠಾಣೆ
ದಿನಾಂಕ: 18-10-2022, ಮಂಗಳವಾರ, ಬೆಳಗ್ಗೆ 11.50
ಸಹಿ: ಎಲ್ಡನ್ ಪ್ರೋಕೋಪ್

ಸಹಿಯ ನಂತರ ಹೇಳಿಕೆದಾರರ ಕೋರಿಕೆಯ ಮೇರೆಗೆ ಸೇರಿಸಿದ್ದು: ಈ ಹೇಳಿಕೆಯ ಒಂದು ಪ್ರತಿಯನ್ನು ಗ್ಲೆನ್‌ಗೆ ಕೊಡಬೇಕು, ಅವನಿಗೆ ಕಾಗದದಲ್ಲಿ ಇದ್ದರೇ ಸರಿ. ಗ್ಲೆನ್, ಶುಕ್ರವಾರ ಅವಳನ್ನು ಬಿಟ್ಟರೆ ಅವಳು ನೇರ ನಿನ್ನ ಕೋಣೆಗೇ ಬರ್ತಾಳೆ. ಆಗ ಬಾಗಿಲ ಕಡೆ ತಿರುಗ್ತೀಯಾ?