ಹೆಗಲು ಕೊಟ್ಟವರ ಪಂಕ್ತಿ

ಭತ್ತ ಬೇಯುವ ವಾಸನೆ ಗೊತ್ತಲ್ಲ ನಿಮಗೆ? ಒಂದೂರಿನಲ್ಲಿ ಅಕ್ಕಿ ಗಿರಣಿಯ ಸಾಹುಕಾರನೊಬ್ಬನಿದ್ದ. ಆ ಬಿಸಿ, ಒದ್ದೆ ವಾಸನೆ ಬಂತೆಂದರೆ ಅವನಿಗೆ ಬಾಲ್ಯ ನೆನಪಾಗುತ್ತಿತ್ತು. ಆಗ ಚೀಲ ಹೊರಲು ಊರಿನ ಹಮಾಲರೇ ನಲವತ್ತು ಮಂದಿ. ಅವರಿಗೆಲ್ಲ ಅವನ ತಾಯಿ ತಾನೇ ಮಜ್ಜಿಗೆ ಕೊಡುತ್ತಿದ್ದಳು.

ಹಮಾಲರು ಮುದುಕರಾದರು. ಅವರ ಮಕ್ಕಳು ಕಟ್ಟಡದ ಕೆಲಸ ಹುಡುಕಿ ಪುಣೆಗೆ, ಗೋವಾಕ್ಕೆ ಹೋದರು. ಗಿರಣಿ ನಿಲ್ಲುವುದುಂಟೇ? ಬಿಹಾರದಿಂದ ಆಳುಗಳು ಬಂದರು. ಸಾಹುಕಾರ ಅವರನ್ನು ಹಿಂದಿನ ತಗಡಿನ ಶೆಡ್ಡಿನಲ್ಲಿಟ್ಟ. ಮನೆಯ ಕಡೆ ಬರಬೇಡಿ ಎಂದ.

ಒಂದು ದಿನ ತಾಯಿ ತೀರಿಕೊಂಡಳು. "ನನ್ನ ಗಾಡ್ಯಾಗ ಒಯ್ಯಬ್ಯಾಡೋ ಮಗನ, ಹೆಗಲ ಮ್ಯಾಲ ಒಯ್ರಿ" ಎಂದು ಮಾತು ತೆಗೆದುಕೊಂಡಿದ್ದಳು. ಹೆಗಲು ಎಲ್ಲಿದೆ? ಊರಲ್ಲಿ ಉಳಿದ ಗಂಡಸರೆಲ್ಲ ಅರವತ್ತು ದಾಟಿದವರು. ಹಳೆಯ ಹಮಾಲರೇ ಚಟ್ಟ ಎತ್ತಿದರು. ಓಣಿಯ ತಿರುವಿನಲ್ಲಿ ಒಬ್ಬನ ಮೊಣಕಾಲು ಕುಸಿಯಿತು. ಚಟ್ಟ ವಾಲಿತು. "ಅವ್ವಾ!" ಎಂದು ಸಾಹುಕಾರ ಚೀರಿದ. ದೂರದಲ್ಲಿ ಹಿಂಬಾಲಿಸುತ್ತಿದ್ದ ನಾಲ್ವರು ಬಿಹಾರದವರು ಓಡಿಬಂದು ಹಿಡಿದರು.

"ಸೇಠ್‌ಜಿ, ನಾವು ಹೊತ್ಕೊಂಡು ಹೋಗ್ತದೆ" ಎಂದ ಒಬ್ಬ.

ಸ್ಮಶಾನ ಒಂದೂವರೆ ಮೈಲಿ. ಕೆಳಗಿಳಿಸದೆ ಹೊತ್ತರು.

ನೋಡಿ, ಆ ಊರಿನಲ್ಲೊಂದು ಪದ್ಧತಿ. ಸತ್ತವರ ದಿವಸದ ಊಟದಲ್ಲಿ ಹೆಗಲು ಕೊಟ್ಟವರಿಗೇ ಮೊದಲ ಪಂಕ್ತಿ. ಹನ್ನೊಂದನೆಯ ದಿನ ಶಾಮಿಯಾನ ಹಾಕಿದರು. ಮೊದಲ ಪಂಕ್ತಿಗೆ ಬೀಗರು ಕೂತರು, ಬೇರೆ ಗಿರಣಿಗಳ ಮಾಲೀಕರು ಕೂತರು. ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡ ಆ ಮುದುಕ ಹಮಾಲನೂ ಕೂತ. ಆದರೆ ಎಲೆ ಮುಟ್ಟಲಿಲ್ಲ.

"ಯಾಕ ಕಾಕಾ, ಉಣವಲ್ಲಿ? ಹುಗ್ಗಿಗೂ ಹಲ್ಲು ಬೇಕೇನು?" ಎಂದು ಸಾಹುಕಾರ ನಕ್ಕ.

"ಅವ್ವನ್ನ ಹೊತ್ತವರು ಎಲ್ಲದಾರ್ರಿ, ಸಾವ್ಕಾರ?"

"ಅವರು... ಲಾರಿ ತುಂಬಬೇಕಿತ್ತು."

"ಹಂಗಾರ ನಾ ಹೆಂಗ ಉಣ್ಲಿ? ನಾ ಹೊತ್ತದ್ದು ಓಣಿ ತಿರುವಿನ ತನಕ."

ಇಡೀ ಪಂಕ್ತಿ ಕೇಳಿಸಿಕೊಂಡಿತು. ಸಾಹುಕಾರನ ಕಿವಿ ಸುಟ್ಟಂತಾಯಿತು. ಅವರು ಬೇಡ ಎಂದು ಅವನು ಹೇಳಿರಲಿಲ್ಲ. ಅವರ ನೆನಪೇ ಅವನಿಗೆ ಬಂದಿರಲಿಲ್ಲ. ಬೇಡ ಎನ್ನುವುದಕ್ಕಿಂತ ಇದು ಕೀಳಲ್ಲವೇ? ಹೆತ್ತವಳನ್ನು ಯಾರ ಹೆಗಲ ಮೇಲೆ ಕಳಿಸಿದನೋ ಅವರನ್ನೇ ಮರೆತಿದ್ದ!

ತಾಯಂದಿರೇ, ಅಣ್ಣಂದಿರೇ, ಅವನನ್ನು ಬೈಯುವ ಮೊದಲು ತುಸು ತಡೆಯಿರಿ. ನಮ್ಮ ಕಾಲು ಸೋತಿದೆ, ನಮ್ಮ ಮಕ್ಕಳು ದೂರದೂರಿನ ಯಾರದೋ ಶೆಡ್ಡಿನಲ್ಲಿದ್ದಾರೆ. ಇಲ್ಲಿ ನಮ್ಮ ನಾಟಿ ಮಾಡುವವರು, ನಮ್ಮ ಗೋಡೆ ಕಟ್ಟುವವರು, ಹಾಸಿಗೆ ಹಿಡಿದ ನಮ್ಮನ್ನು ಎತ್ತಿ ಕೂರಿಸುವವರು ಯಾರು? ಅವರ ಹೆಸರು ಕೇಳಿದ್ದೇವೆಯೇ? ನಾನೂ ಕೇಳಿರಲಿಲ್ಲ. ನಾಳೆ ಬೆಳಿಗ್ಗೆ ಕೇಳಿ. ಊರಲ್ಲಿ ಅವರ ತಾಯಿ ಹೇಗಿದ್ದಾಳೆಂದು ಕೇಳಿ. ಮನೆಯಲ್ಲಿ ಕಾರ್ಯವಾದರೆ ಉಳಿದದ್ದನ್ನು ಕಳಿಸಬೇಡಿ. ಮೊದಲೇ ಕರೆದು ಕೂರಿಸಿ.

ಸಾಹುಕಾರ ಏನು ಮಾಡಿದ ಎನ್ನುತ್ತೀರಾ? ಕರೆಯಲು ಅವನಿಗೆ ಮುಖವಿರಲಿಲ್ಲ. ನಾಲ್ಕು ಎಲೆ ಬಡಿಸಿಕೊಂಡು, ದೊಡ್ಡ ಹರಿವಾಣದಲ್ಲಿ ತಾನೇ ಹೊತ್ತು ಗಿರಣಿಗೆ ನಡೆದ. ಆ ನಾಲ್ವರಲ್ಲಿ ಚೀಲ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದ ಒಬ್ಬನ ಕೈಗೆ, ತಲೆ ಎತ್ತದೆ, ಮೊದಲ ಎಲೆ ಕೊಟ್ಟ.